ರಿಸಲ್ಟ್ ಬರಲಿಲ್ಲ ಅಂದರೆ ಆನರ್ಸ್ ಫೇಲಾ?

ಪ್ರಶ್ನೆ: ಆಸ್ಟ್ರೇಲಿಯಾದಲ್ಲಿ ಹೆಲ್ತ್ ಸೈನ್ಸ್ ಮೂರನೇ ವರ್ಷ ಓದುತ್ತಿದ್ದೇನೆ. ಮುಂದಿನ ವರ್ಷ ಆನರ್ಸ್ ಮಾಡುವ ಆಸೆ ಇದೆ. ಆದರೆ ಸೀನಿಯರ್ಸ್ ಹೆದರಿಸುತ್ತಿದ್ದಾರೆ. ವರ್ಷವಿಡೀ ಒದ್ದಾಡಿ ಕೊನೆಗೆ ರಿಸಲ್ಟೇ ಬರಲಿಲ್ಲ ಅಂದರೆ ಏನು ಗತಿ? ಫೇಲ್ ಮಾಡುತ್ತಾರಾ?

ಉತ್ತರ: ಇಲ್ಲ, ಮಾಡುವುದಿಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಈ ಪ್ರಶ್ನೆಗೆ ಉತ್ತರ ಕೊಡುತ್ತಿರುವುದು ಎಷ್ಟನೇ ಸಲವೋ, ಲೆಕ್ಕ ತಪ್ಪಿದೆ. ಅರ್ಜಿ ಹಾಕುವ ಕಾಲ ಬಂತು ಅಂದರೆ ಸಾಕು, ಹೊಸ ಹೆಸರು, ಹಳೇ ಭಯ. ಈ ಸಲ ಬುಡಸಮೇತ ಕಿತ್ತುಬಿಡೋಣ.

ಮೊದಲು ಹೆಸರಿನ ಗೊಂದಲ, ಬೇಗ ಮುಗಿಸುತ್ತೇನೆ. ಆನರ್ಸ್ ಅನ್ನುವುದಕ್ಕೆ ದೇಶಕ್ಕೊಂದು ಅರ್ಥ. ಇಂಗ್ಲೆಂಡಿನಲ್ಲಿ ಅದು ಮೂರು ವರ್ಷದ ಡಿಗ್ರಿಯೊಳಗೇ ಇರುತ್ತದೆ, ಸ್ಕಾಟ್ಲೆಂಡಿನಲ್ಲಿ ನಾಲ್ಕು ವರ್ಷ. ಭಾರತದಲ್ಲಿ ಯುಜಿಸಿಯ ಹೊಸ ಚೌಕಟ್ಟಿನ ಪ್ರಕಾರ ಮೊದಲ ಆರು ಸೆಮಿಸ್ಟರ್‌ನಲ್ಲಿ 75% ಪಡೆದವರು ನಾಲ್ಕನೇ ವರ್ಷ ರಿಸರ್ಚ್ ಜೊತೆ ಆನರ್ಸ್ ಮಾಡಬಹುದು. ಆಸ್ಟ್ರೇಲಿಯಾದ್ದು ಸಾಮಾನ್ಯವಾಗಿ ಮೂರು ವರ್ಷದ ಡಿಗ್ರಿ ಮುಗಿದ ಮೇಲೆ ಆಸೆಯೂ ಮಾರ್ಕ್ಸೂ ಇದ್ದವರು ಸೇರಿ, ಒಂದು ಸಂಶೋಧನೆ ಮಾಡಿ ಪ್ರಬಂಧ ಬರೆಯುವ ಬೇರೆಯೇ ಒಂದು ವರ್ಷ. ಅಲ್ಲಿನ ಪದವಿಗಳ ಪಟ್ಟಿಯಲ್ಲಿ ಡಿಗ್ರಿ 7ನೇ ಮೆಟ್ಟಿಲು, ಆನರ್ಸ್ 8ನೆಯದು, ಮಾಸ್ಟರ್ಸ್ 9ನೆಯದು, ಪಿಎಚ್‌ಡಿ 10ನೆಯದು. ಆನರ್ಸ್ ಚೆನ್ನಾಗಿ ಮಾಡಿದವರು 9ನ್ನು ಬಿಟ್ಟು ನೇರವಾಗಿ 10ಕ್ಕೆ ಕಾಲಿಡಬಹುದು. ಈ ಒಂದು ವರ್ಷಕ್ಕೆ ಇಷ್ಟು ಬೆಲೆ, ಇಷ್ಟು ಭಯ ಎರಡೂ ಬಂದಿರುವುದು ಅದಕ್ಕೇ.

ಈಗ ಆ ಭಯಕ್ಕೆ ಬರೋಣ. "ರಿಸಲ್ಟ್ ಬರಲಿಲ್ಲ" ಅಂತ ಯಾರಾದರೂ ಮುಖ ಸಣ್ಣದು ಮಾಡಿಕೊಂಡು ಬಂದರೆ ನಾನು ಕೇಳುವುದು, "ಅಂದರೆ ಏನಾಯಿತು?" ಡೇಟಾ ಕಳೆದಿಲ್ಲ. ಲೆಕ್ಕ ತಪ್ಪಿಲ್ಲ. ಪಿ ವ್ಯಾಲ್ಯೂ 0.05ಕ್ಕಿಂತ ಕೆಳಗೆ ಇಳಿದಿಲ್ಲ, ಅಷ್ಟೇ. ರಿಸಲ್ಟ್ ಬಂದಿದೆ ಕಣ್ರೀ! ನೀವು ಅಂದುಕೊಂಡಿದ್ದು ಬಂದಿಲ್ಲ.

ಈ 0.05 ಏನು ಆಕಾಶದಿಂದ ಇಳಿದು ಬಂದ ಗೆರೆಯಲ್ಲ. ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಬರೀ ಅದೃಷ್ಟದಿಂದ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣಿಸುವ ಸಾಧ್ಯತೆ ಎಷ್ಟು ಅಂತ ಪಿ ವ್ಯಾಲ್ಯೂ ಹೇಳುತ್ತದೆ. ಇಪ್ಪತ್ತರಲ್ಲಿ ಒಂದು ಎಂಬ ಗೆರೆ ಅನುಕೂಲ ಅಂತ 1925ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಬರೆದರು. ಅನುಕೂಲಕ್ಕೆ ಎಳೆದ ಗೆರೆಯನ್ನು ನಾವು ಲಕ್ಷ್ಮಣರೇಖೆ ಮಾಡಿಕೊಂಡೆವು.

ಒಂದು ಲೆಕ್ಕ ಹಾಕೋಣ, ಪೆನ್ನು ತಗೊಳ್ಳಿ. ಮಂಡಿ ನೋವಿರುವ 40 ಜನ ಸಿಕ್ಕಿದ್ದಾರೆ. 20 ಜನಕ್ಕೆ ಹೊಸ ವ್ಯಾಯಾಮ, 20 ಜನಕ್ಕೆ ಮಾಮೂಲಿ ಚಿಕಿತ್ಸೆ. ನೋವನ್ನು 0ಯಿಂದ 10ರವರೆಗಿನ ಅಂಕದಲ್ಲಿ ಅಳೆಯುತ್ತೀರಿ. ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ, 2. ವ್ಯಾಯಾಮ ನಿಜಕ್ಕೂ 1 ಅಂಕದಷ್ಟು ನೋವು ಕಡಿಮೆ ಮಾಡುತ್ತದೆ ಅಂತಿಟ್ಟುಕೊಳ್ಳಿ. ಈ ಸತ್ಯ ದೇವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಈಗ ನಿಮ್ಮ ಅಧ್ಯಯನದಲ್ಲಿ ಪಿ ವ್ಯಾಲ್ಯೂ 0.05ಕ್ಕಿಂತ ಕೆಳಗೆ ಬರುವ ಸಾಧ್ಯತೆ ಎಷ್ಟು? ಸುಮಾರು 34%. ವ್ಯಾಯಾಮ ಕೆಲಸ ಮಾಡುವುದು ಖಂಡಿತ ನಿಜವಾಗಿದ್ದರೂ, ಇದೇ ಅಧ್ಯಯನವನ್ನು ಮೂರು ಜನ ಮಾಡಿದರೆ ಇಬ್ಬರು "ರಿಸಲ್ಟ್ ಬರಲಿಲ್ಲ" ಅಂತ ಅಳುತ್ತಾ ಬರುತ್ತಾರೆ. ಈ ಸಾಧ್ಯತೆಯನ್ನು 80%ಗೆ ಏರಿಸಬೇಕು ಅಂದರೆ ಗುಂಪಿಗೆ 64 ಜನ ಬೇಕು, ಒಟ್ಟು 128. ಒಬ್ಬ ವಿದ್ಯಾರ್ಥಿ ಒಂದೇ ವರ್ಷದಲ್ಲಿ ಅಷ್ಟು ಮಂಡಿಗಳನ್ನು ಎಲ್ಲಿಂದ ತರಬೇಕು?

ನಿಮ್ಮ ಪ್ರಬಂಧ ಓದುವವರಿಗೂ ಇದು ಗೊತ್ತು. ಹಾಗಾಗಿ ಅವರು ಪಿ ವ್ಯಾಲ್ಯೂ ಹುಡುಕಿಕೊಂಡು ಹಾಳೆ ತಿರುಗಿಸುವುದಿಲ್ಲ. ಅದರ ಬಗ್ಗೆ ನೀವು ಏನು ಬರೆದಿದ್ದೀರಿ ಅಂತ ನೋಡುತ್ತಾರೆ. ಮೇಲಿನ ಲೆಕ್ಕದಲ್ಲಿ ವ್ಯತ್ಯಾಸ 0.8 ಬಂತು ಅನ್ನಿ. 95% ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ, ಸುಮಾರು −0.5ರಿಂದ 2.1, ಪಿ ವ್ಯಾಲ್ಯೂ 0.21. ಒಬ್ಬರು ಬರೆಯುತ್ತಾರೆ: "ಈ ವ್ಯಾಯಾಮದಿಂದ ಪ್ರಯೋಜನವಿಲ್ಲ." ಮಾರ್ಕ್ಸ್ ಹೋಯಿತು, ಯಾಕೆಂದರೆ ಡೇಟಾ ಹಾಗೆ ಹೇಳುತ್ತಲೇ ಇಲ್ಲ. ಇನ್ನೊಬ್ಬರು ಬರೆಯುತ್ತಾರೆ: "ನೋವು ಅರ್ಧ ಅಂಕ ಜಾಸ್ತಿ ಆಗುವುದರಿಂದ ಹಿಡಿದು 2 ಅಂಕ ಕಡಿಮೆ ಆಗುವವರೆಗೆ ಏನು ಬೇಕಾದರೂ ಇರಬಹುದು. 40 ಜನರಿಂದ ಇದಕ್ಕಿಂತ ಖಚಿತವಾಗಿ ಹೇಳಲು ಆಗುವುದಿಲ್ಲ." ಅದೇ ಡೇಟಾ, ಅದೇ 0.21. ಎರಡನೆಯವರು ಫಸ್ಟ್ ಕ್ಲಾಸ್ ದಾರಿಯಲ್ಲಿದ್ದಾರೆ. ಇಂಥ ವಾಕ್ಯ ಬರೆಯುವ ವಿದ್ಯಾರ್ಥಿ ಸಿಕ್ಕ ದಿನ ನನಗೆ ಹಬ್ಬ. ಅಕ್ಕಪಕ್ಕದ ರೂಮಿನವರಿಗೆಲ್ಲ ಓದಿ ಹೇಳುತ್ತೇನೆ.

ನಿಜವಾಗಿ ಅಪಾಯ ಇರುವುದು ಇನ್ನೊಂದು ಕಡೆ. ಭಯದಲ್ಲಿ ಜನ ಬೇಟೆಗೆ ಇಳಿಯುತ್ತಾರೆ. ನೋವಿನಲ್ಲಿ ಬರಲಿಲ್ಲವಾ, ನಿದ್ದೆಯಲ್ಲಿ ನೋಡೋಣ. ಅಲ್ಲೂ ಇಲ್ಲವಾ, ಹೆಂಗಸರನ್ನು ಮಾತ್ರ ತೆಗೆದುಕೊಳ್ಳೋಣ. ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿದರೆ, ಎಲ್ಲೂ ಏನೂ ಇಲ್ಲದಿದ್ದರೂ ಒಂದಾದರೂ 0.05ಕ್ಕಿಂತ ಕೆಳಗೆ ಬೀಳುವ ಸಾಧ್ಯತೆ 64%. ಆ ಒಂದನ್ನು ಮಾತ್ರ ಬರೆದು ಉಳಿದ 19ನ್ನು ಬಚ್ಚಿಟ್ಟರೆ ಅದು ಮೋಸ. ಮಾರ್ಕ್ಸ್ ಕಳೆಯಬೇಕಾದದ್ದು ಇದಕ್ಕೆ.

"ಅಂದುಕೊಂಡಿದ್ದು ಬರದಿದ್ದರೆ ಅದು ಯಾರಿಗೆ ಬೇಕು ಸರ್?" ಅನ್ನುವವರಿಗೆ ಫಿನ್ಲೆಂಡಿನ ಕತೆ ಹೇಳುತ್ತೇನೆ. ಹಣ್ಣು ತರಕಾರಿ ಜಾಸ್ತಿ ತಿನ್ನುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ಕಂಡಿತ್ತು. ಅವುಗಳಲ್ಲಿರುವ ಬೀಟಾ ಕೆರೋಟಿನ್ ಅನ್ನುವ ಪೋಷಕಾಂಶದಿಂದಲೇ ಇರಬೇಕು ಅಂತ ಅಂದಾಜು. 29,133 ಗಂಡಸರ ಮೇಲೆ, ಎಲ್ಲರೂ ಸಿಗರೇಟು ಸೇದುವವರು, ವರ್ಷಗಟ್ಟಲೆ ಪ್ರಯೋಗ ನಡೆಯಿತು. 1994ರಲ್ಲಿ ಫಲಿತಾಂಶ ಹೊರಬಂತು. ಬೀಟಾ ಕೆರೋಟಿನ್ ಮಾತ್ರೆ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ! ಅಂದುಕೊಂಡಿದ್ದಕ್ಕೆ ಪೂರ್ತಿ ಉಲ್ಟಾ. "ರಿಸಲ್ಟ್ ಬರಲಿಲ್ಲ" ಅಂತ ಅವರು ಫೈಲ್ ಮುಚ್ಚಿಟ್ಟಿದ್ದರೆ ಏನಾಗುತ್ತಿತ್ತು, ಯೋಚಿಸಿ.

ಹಾಗಾದರೆ ಆನರ್ಸ್‌ನಲ್ಲಿ ಯಾವುದಕ್ಕೂ ಹೆದರಬೇಕಿಲ್ಲವಾ? ಹೆದರಬೇಕು. ಕ್ಯಾಲೆಂಡರ್‌ಗೆ. ಫೆಬ್ರವರಿಯಲ್ಲಿ ಶುರು, ಅಕ್ಟೋಬರ್ ಸುಮಾರಿಗೆ ಪ್ರಬಂಧ ಒಪ್ಪಿಸಬೇಕು. ಮನುಷ್ಯರ ಮೇಲಿನ ಅಧ್ಯಯನ ಅಂದರೆ ಎಥಿಕ್ಸ್ ಒಪ್ಪಿಗೆ ಇಲ್ಲದೆ ಒಬ್ಬರನ್ನೂ ಮಾತಾಡಿಸುವಂತಿಲ್ಲ. ಸಮಿತಿಯವರು ಅರ್ಜಿ ಓದಿ ತಿದ್ದುಪಡಿ ಕೇಳುತ್ತಾರೆ, ನೀವು ತಿದ್ದಿ ಕಳಿಸುತ್ತೀರಿ, ಅವರು ಮತ್ತೆ ಓದುತ್ತಾರೆ. ಮಾರ್ಚ್‌ನಲ್ಲಿ ಹಾಕಿದ ಅರ್ಜಿಗೆ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕರೆ ಜನರನ್ನು ಸೇರಿಸಲು, ಅಳೆಯಲು, ಲೆಕ್ಕ ಹಾಕಲು, ಬರೆಯಲು ಉಳಿದದ್ದು ನಾಲ್ಕೇ ತಿಂಗಳು. ಆದ್ದರಿಂದ ಗೈಡ್ ಹತ್ತಿರ ಮೊದಲ ದಿನವೇ ಕೇಳಿ: ಎಥಿಕ್ಸ್ ಒಪ್ಪಿಗೆ ಆಗಲೇ ಇದೆಯಾ? ಡೇಟಾ ಆಗಲೇ ಸಂಗ್ರಹ ಆಗಿದೆಯಾ? ಹಳೆಯ ಒಪ್ಪಿಗೆಗೆ ಸಣ್ಣ ತಿದ್ದುಪಡಿ ಮಾಡಿಸಿದರೆ ಸಾಕಾ? ಈ ಮೂರಕ್ಕೂ "ಇಲ್ಲ" ಅಂದರೆ, ವಿಷಯ ಎಷ್ಟೇ ಚೆಂದ ಇರಲಿ, ಎರಡು ಸಲ ಯೋಚನೆ ಮಾಡಿ. ಫಸ್ಟ್ ಕ್ಲಾಸ್ ಗೆರೆ ಕೆಲವು ಕಡೆ 80, ಕೆಲವು ಕಡೆ 85. ಪಿಎಚ್‌ಡಿ ಸ್ಕಾಲರ್‌ಶಿಪ್ ಬೇಕು ಅನ್ನುವವರು ತಮ್ಮ ಯೂನಿವರ್ಸಿಟಿಯ ಗೆರೆ ಯಾವುದು ಅಂತ ಈಗಲೇ ನೋಡಿಟ್ಟುಕೊಳ್ಳಲಿ.

ನೀವು ಕೇಳಿಲ್ಲ, ಆದರೂ ಇನ್ನೊಂದು ಹೇಳದೆ ಇರಲಾರೆ. ಎಕ್ಸೆಲ್. ಹೆಲ್ತ್ ಸೈನ್ಸ್ ವಿದ್ಯಾರ್ಥಿಗಳು ಪಿ ವ್ಯಾಲ್ಯೂಗೆ ಹೆದರುತ್ತಾರೆ, ಎಕ್ಸೆಲ್ ಹಾಳೆಗೆ ಮಾತ್ರ ಹೆದರುವುದೇ ಇಲ್ಲ. ಮಾರ್ಚ್1, ಸೆಪ್ಟ್1 ಅಂತ ಹೆಸರಿದ್ದ ಜೀನ್‌ಗಳನ್ನು ಎಕ್ಸೆಲ್ ತಾರೀಖು ಅಂದುಕೊಂಡು ಸುಮ್ನೆ ಬದಲಾಯಿಸಿಬಿಡುತ್ತಿತ್ತು. ಕೊನೆಗೆ 2020ರಲ್ಲಿ ಎಕ್ಸೆಲ್‌ಗೆ ಸೋತು ಜೀನ್‌ಗಳ ಹೆಸರನ್ನೇ ಬದಲಾಯಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣ ಲೆಕ್ಕದಿಂದ ಬಿಟ್ಟುಹೋದವು, ಯಾಕೆಂದರೆ ಹಳೆಯ ಮಾದರಿಯ ಎಕ್ಸೆಲ್ ಫೈಲಿನಲ್ಲಿ 65,536 ಸಾಲಿಗಿಂತ ಜಾಸ್ತಿ ಹಿಡಿಸುವುದಿಲ್ಲ.

ಮೂಲ ಫೈಲನ್ನು ಮುಟ್ಟಬೇಡಿ. ಕೆಲಸ ಏನಿದ್ದರೂ ಅದರ ಕಾಪಿಯಲ್ಲಿ. ಏನು ಬದಲಾಯಿಸಿದಿರಿ, ಯಾವತ್ತು ಅಂತ ಬೇರೆ ಹಾಳೆಯಲ್ಲಿ ಬರೆದಿಡಿ. ಉತ್ತರ ಸಿಗದ ಜಾಗವನ್ನು ಖಾಲಿ ಬಿಡಿ. 999 ಅಂತ ತುಂಬಿಸಬೇಡಿ.

ಈ ಕೊನೆಯದ್ದು ನನ್ನದೇ ಅನುಭವ. ನನ್ನ ಆನರ್ಸ್ ವರ್ಷದಲ್ಲಿ 40 ಜನ ಕಾಲೇಜು ವಿದ್ಯಾರ್ಥಿಗಳ ಡೇಟಾ ಇತ್ತು. ಇಬ್ಬರು ವಯಸ್ಸು ಬರೆದಿರಲಿಲ್ಲ, ನಾನು 999 ತುಂಬಿಸಿ ಮರೆತಿದ್ದೆ. ಸರಾಸರಿ ವಯಸ್ಸು 70 ಅಂತ ಬಂತು. ಅದನ್ನು ಚೆಂದದ ಟೇಬಲ್ ಮಾಡಿ ಗೈಡ್‌ಗೆ ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ಎರಡು ಸಲ ನೋಡಿ, "ಇವರೆಲ್ಲ ಯಾವಾಗ ಅಡ್ಮಿಷನ್ ಆಗಿದ್ದು?" ಅಂತ ಕೇಳಿದರು. ಸರಿ ಮಾಡಿದ ಮೇಲೆ ಸರಾಸರಿ 21 ಆಯಿತು. ಪಿ ವ್ಯಾಲ್ಯೂ ಮಾತ್ರ ಕೊನೆವರೆಗೂ 0.31ರಲ್ಲೇ ಕೂತಿತ್ತು. ಪ್ರಬಂಧದಲ್ಲಿ ಹಾಗೇ ಬರೆದೆ.