ಕೊಯ್ಯದೆ ಬಿಡುವ 6 ಸೆಂಟಿಮೀಟರ್

20 ಮೀಟರ್ ಎತ್ತರದ ಮರವೊಂದು ಬುಡದಿಂದ ಉರುಳುತ್ತಿದೆ ಅಂದುಕೊಳ್ಳಿ. ಅಷ್ಟೇ ಎತ್ತರದಿಂದ ಒಂದು ಕಲ್ಲನ್ನೂ ಬಿಟ್ಟಿದ್ದೇವೆ. ನೆಲ ಮುಟ್ಟುವಾಗ ಯಾವುದರ ವೇಗ ಜಾಸ್ತಿ? ಕಲ್ಲಿನದು ಅಂತ ಹೆಚ್ಚಿನವರು ಹೇಳುತ್ತಾರೆ. ಲೆಕ್ಕ ಹಾಕಿದರೆ ಉತ್ತರ ಬೇರೆ. ಗಾಳಿಯ ತಡೆಯನ್ನು ಬಿಟ್ಟು ನೋಡಿದರೆ ಕಲ್ಲು ಗಂಟೆಗೆ ಸುಮಾರು 71 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಬೀಳುತ್ತದೆ. ಅಷ್ಟೇ ಎತ್ತರದ, ಒಂದೇ ದಪ್ಪದ ಕಂಬ ಬುಡದ ಸುತ್ತ ತಿರುಗಿ ಬಿದ್ದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 87 ಕಿಲೋಮೀಟರ್. ಕಂಬ ಒಂದೇ ತುಂಡಾಗಿ ತಿರುಗುವುದರಿಂದ ಬುಡದ ಭಾಗ ನಿಧಾನವಾಗಿಯೇ ಚಲಿಸುತ್ತದೆ, ತುದಿ ಮಾತ್ರ ದೊಡ್ಡ ಸುತ್ತು ಹೊಡೆಯುತ್ತದೆ. ನಿಜವಾದ ಮರದಲ್ಲಿ ಎಲೆ, ಕೊಂಬೆಗಳು ಗಾಳಿಗೆ ಸಿಕ್ಕಿ ಈ ವೇಗ ಇಳಿಯುತ್ತದೆ ನಿಜ. ಆದರೆ ಬುಡದಲ್ಲಿ 60 ಸೆಂಟಿಮೀಟರ್ ದಪ್ಪವಿರುವ ಅಂಥ ಹಸಿ ಮರದ ತೂಕ ಎರಡೂವರೆ ಟನ್ನಿನ ಆಸುಪಾಸು ಇರಬಹುದು.

ಐದಾರು ಕಿಲೋ ತೂಗುವ ಚೈನ್‌ಸಾ ಹಿಡಿದ ಒಬ್ಬರೇ ಮನುಷ್ಯ ಇದನ್ನು ಬೇಕಾದ ಕಡೆಗೆ ಬೀಳಿಸುತ್ತಾರೆ. ತಳ್ಳಿ ಬೀಳಿಸುವುದಂತೂ ಆಗದ ಮಾತು. ಮರದ ತೂಕವೇ ಮರವನ್ನು ಬೀಳಿಸುತ್ತದೆ. ಅದು ಯಾವ ಕಡೆ, ಎಷ್ಟು ನಿಧಾನವಾಗಿ ಬೀಳಬೇಕು ಎಂಬುದನ್ನು ತೀರ್ಮಾನಿಸುವುದು ಬುಡದಲ್ಲಿ ಕೊಯ್ಯದೆ ಉಳಿಸಿದ ತೆಳ್ಳನೆಯ ಒಂದು ಪಟ್ಟಿ. ಹೊಸಬರ ಗಮನವೆಲ್ಲ ಚೈನ್ ಎಲ್ಲಿ ಕೊಯ್ಯುತ್ತಿದೆ ಎಂಬುದರ ಮೇಲಿರುತ್ತದೆ. ಪಳಗಿದವರು ನೋಡುವುದು ಇನ್ನೂ ಕೊಯ್ಯದೆ ಎಷ್ಟು ಉಳಿದಿದೆ ಎಂಬುದನ್ನು. ಈ ಒಂದು ವಿಷಯ ಅರ್ಥವಾದರೆ ಮರ ಉರುಳಿಸುವ ಕೆಲಸದ ಉಳಿದ ನಿಯಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಮೊದಲು ಮರ ಬೀಳಬೇಕಾದ ಕಡೆ ಒಂದು ಕಚ್ಚು ಹಾಕುತ್ತಾರೆ. ಮೇಲಿನಿಂದ ಓರೆಯಾಗಿ ಒಂದು ಕೊಯ್ತ, ಕೆಳಗಿನಿಂದ ಇನ್ನೊಂದು. ಎರಡೂ ಸೇರಿದರೆ ಮರದ ತುಂಡೊಂದು ಕಳಚಿ ಬೀಳುತ್ತದೆ, ಬುಡದಲ್ಲಿ ತೆರೆದ ಬಾಯಿ ಉಳಿಯುತ್ತದೆ. ಆಮೇಲೆ ಹಿಂದಿನಿಂದ ಕಚ್ಚಿನ ಕಡೆಗೆ ಅಡ್ಡಲಾಗಿ ಕೊಯ್ಯುತ್ತಾ ಬರುತ್ತಾರೆ. ಈ ಹಿಂದಿನ ಕೊಯ್ತ ಕಚ್ಚಿನ ಮೂಲೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಮೇಲೆ ಇರಬೇಕು, ಕೆಳಗೆ ಹೋಗಬಾರದು. ಕಚ್ಚನ್ನು ಮುಟ್ಟುವ ಮೊದಲೇ ಅದು ನಿಲ್ಲಬೇಕು. ನಡುವೆ ಉಳಿದ ಪಟ್ಟಿಯೇ ಕೀಲು.

ಕೀಲಿನ ಅಳತೆ ಎಷ್ಟಿರಬೇಕು? ಉದ್ದ ಮರದ ದಪ್ಪದ ಶೇ. 80ರಷ್ಟು, ಅಗಲ ಸುಮಾರು ಶೇ. 10ರಷ್ಟು ಎಂಬುದು ಎಲ್ಲೆಡೆ ಕಲಿಸುವ ಲೆಕ್ಕ. ನಮ್ಮ 60 ಸೆಂಟಿಮೀಟರ್ ಮರಕ್ಕೆ 48 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲ. ಕಚ್ಚಿನ ಆಳ ದಪ್ಪದ ಐದನೇ ಒಂದು ಭಾಗ ಇರಲಿ ಎಂದೂ ಹೇಳುತ್ತಾರೆ. ಇದರಲ್ಲಿ ಒಂದು ಸೊಗಸಿದೆ. 60 ಸೆಂಟಿಮೀಟರ್ ವೃತ್ತ ಬರೆದು, ಅಂಚಿನಿಂದ 12 ಸೆಂಟಿಮೀಟರ್ ಒಳಗೆ ಒಂದು ನೇರ ಗೆರೆ ಎಳೆದು ಅಳೆಯಿರಿ. ಗೆರೆಯ ಉದ್ದ ಸರಿಯಾಗಿ 48 ಸೆಂಟಿಮೀಟರ್ ಬರುತ್ತದೆ. ಅಂದರೆ ಕಚ್ಚಿನ ಆಳ ಸರಿಯಿದ್ದರೆ ಕೀಲಿನ ಉದ್ದ ತಾನಾಗಿಯೇ ಸರಿಹೋಗುತ್ತದೆ. ಶಾಲೆಯಲ್ಲಿ ಕಲಿತ 3-4-5ರ ತ್ರಿಕೋನವೇ ಇಲ್ಲಿ ಕೆಲಸ ಮಾಡುತ್ತಿದೆ.

ಉದ್ದ ಜಾಸ್ತಿ, ಅಗಲ ಕಡಿಮೆ ಇರಬೇಕಾದದ್ದು ಯಾಕೆ? ಮಕ್ಕಳ ಮರದ ಸ್ಕೇಲನ್ನು ಕೈಗೆತ್ತಿಕೊಳ್ಳಿ. ಚಪ್ಪಟೆ ಕಡೆಗೆ ಬಗ್ಗಿಸಿದರೆ ಸುಲಭವಾಗಿ ಬಾಗುತ್ತದೆ. ಅಂಚಿನ ಕಡೆಗೆ ಬಗ್ಗಿಸಲು ಹೋದರೆ ಜಪ್ಪಯ್ಯ ಅಂದರೂ ಬಾಗುವುದಿಲ್ಲ. ಕೀಲೂ ಹಾಗೆಯೇ. 48ಕ್ಕೆ 6 ಅಂದರೆ 8 ಪಟ್ಟು. ಬಾಗುವುದನ್ನು ತಡೆಯುವ ಬಿಗಿ ಈ ಪಟ್ಟಿನ ವರ್ಗದಂತೆ ಏರುತ್ತದೆ. ಹಾಗಾಗಿ ಮುಂದಕ್ಕೆ ಬಾಗಲು ಕೀಲು ಒಡ್ಡುವ ತಡೆಗಿಂತ ಪಕ್ಕಕ್ಕೆ ಬಾಗಲು ಒಡ್ಡುವ ತಡೆ 64 ಪಟ್ಟು. ಮರ ಮುಂದಕ್ಕೆ ಹೋಗಬಹುದು, ಆಚೆ ಈಚೆ ವಾಲುವಂತಿಲ್ಲ.

ಇದೇ ಲೆಕ್ಕ ತಪ್ಪಿನ ಬೆಲೆಯನ್ನೂ ಹೇಳುತ್ತದೆ. ಕೀಲಿನ ಅಗಲ ಅರ್ಧವಾದರೆ ಮುಂದಕ್ಕೆ ಮುರಿಯದೆ ತಡೆಯುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಅಗಲ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ‘ಇನ್ನೊಂಚೂರು ಕೊಯ್ದುಬಿಡೋಣ’ ಎಂದು ಎರಡು ಮೂರು ಸೆಂಟಿಮೀಟರ್ ಮುಂದೆ ಹೋದರೆ ಕೀಲು ಅರ್ಧ ದಾರಿಯಲ್ಲೇ ಮುರಿಯುತ್ತದೆ. ಆಮೇಲೆ ಮರ ಯಾರ ಮಾತನ್ನೂ ಕೇಳುವುದಿಲ್ಲ. ಒಂದು ಕೊನೆಯಲ್ಲಿ ದಪ್ಪ, ಇನ್ನೊಂದು ಕೊನೆಯಲ್ಲಿ ತೆಳು ಬಿಟ್ಟರೆ ತೆಳು ಕಡೆ ಮೊದಲು ಹರಿದು, ಮರ ದಪ್ಪ ಇರುವ ಕಡೆಗೆ ಎಳೆಯುತ್ತದೆ.

ಕಚ್ಚಿನ ಬಾಯಿ ಎಷ್ಟು ತೆರೆದಿರಬೇಕು ಎಂಬುದೂ ಮುಖ್ಯವೇ. ಕಚ್ಚು 45 ಡಿಗ್ರಿ ಇದ್ದರೆ, ಮರ ಅಷ್ಟು ವಾಲುವ ಹೊತ್ತಿಗೆ ಬಾಯಿ ಮುಚ್ಚಿಕೊಳ್ಳುತ್ತದೆ. ಅಲ್ಲಿಗೆ ಕೀಲು ಹರಿಯುತ್ತದೆ, ಉಳಿದ ಅರ್ಧ ದಾರಿ ಮರ ಹಿಡಿತವಿಲ್ಲದೆ ಬೀಳುತ್ತದೆ. 70ರಿಂದ 90 ಡಿಗ್ರಿ ತೆರೆದರೆ ಮರ ಹೆಚ್ಚುಕಡಿಮೆ ನೆಲ ಮುಟ್ಟುವವರೆಗೂ ಕೀಲು ಹಿಡಿದಿರುತ್ತದೆ. ಹೊಸಬರಿಗೆ ಅಗಲ ಬಾಯಿಯ ಕಚ್ಚೇ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಚ್ಚಿನ ಎರಡು ಕೊಯ್ತಗಳು ಒಂದೇ ಗೆರೆಯಲ್ಲಿ ಸೇರಲೇಬೇಕು. ಒಂದು ಕೊಯ್ತ ಮುಂದೆ ಹೋಗಿಬಿಟ್ಟರೆ ಅದರ ಕಿರಿದಾದ ಸಂದು ಮೊದಲು ಮುಚ್ಚಿಕೊಳ್ಳುತ್ತದೆ, ಬಾಯಿ ಎಷ್ಟು ಅಗಲ ಇದ್ದರೂ ಉಪಯೋಗವಿಲ್ಲ.

ಕೀಲು ಇಷ್ಟೆಲ್ಲ ಭಾರ ತಡೆಯುವುದು ಮರದ ನಾರಿನಿಂದ. ಮರ ಅಂದರೆ ಉದ್ದುದ್ದಕ್ಕೆ ಜೋಡಿಸಿದ ಸಣ್ಣ ಸಣ್ಣ ಕೊಳವೆಗಳ ಕಟ್ಟು. ಕೊಳವೆಯ ಗೋಡೆಯಲ್ಲಿ ಸೆಲ್ಯುಲೋಸ್ ಎಳೆಗಳಿವೆ, ಅವನ್ನು ಲಿಗ್ನಿನ್ ಎಂಬ ಅಂಟು ಹಿಡಿದಿಟ್ಟಿದೆ. ಉದ್ದಕ್ಕೆ ಎಳೆದರೆ ನಾರು ಸುಲಭಕ್ಕೆ ಹರಿಯುವುದಿಲ್ಲ. ಆದರೆ ನಾರಿನಿಂದ ನಾರನ್ನು ಬಿಡಿಸಿ ಸೀಳುವುದಕ್ಕೆ ಅದರ ಸಣ್ಣ ಪಾಲು ಬಲ ಸಾಕು. ಸೌದೆ ಒಡೆದವರಿಗೆ ಇದು ಗೊತ್ತೇ ಇದೆ. ಕೊಡಲಿ ಉದ್ದಕ್ಕೆ ಬಿದ್ದರೆ ಸೀಳು, ಅಡ್ಡಕ್ಕೆ ಬಿದ್ದರೆ ಬರೀ ಗಾಯ.

ಈ ಗುಣದಿಂದಲೇ ಮರ ಕಡಿಯುವಾಗಿನ ಅತಿ ಭಯಂಕರ ಅಪಘಾತಗಳಲ್ಲಿ ಒಂದು ಹುಟ್ಟುತ್ತದೆ. ಮರ ಮೊದಲೇ ಮುಂದಕ್ಕೆ ಬಲವಾಗಿ ವಾಲಿದೆ ಅಂದುಕೊಳ್ಳಿ. ಅದರ ಹಿಂಬದಿಯ ನಾರುಗಳು ಬಿಗಿದ ತಂತಿಯಷ್ಟು ಎಳೆತದಲ್ಲಿರುತ್ತವೆ. ಹಿಂದಿನಿಂದ ಕೊಯ್ಯುತ್ತಾ ಬಂದಂತೆ, ಉಳಿದ ಮರ ಇನ್ನೂ ದಪ್ಪವಿರುವಾಗಲೇ ಮರ ಬೀಳಲು ಶುರುಮಾಡುತ್ತದೆ. ಅಷ್ಟು ದಪ್ಪದ ಪಟ್ಟಿ ಬಾಗುವುದಿಲ್ಲ. ಬಾಗಲಾರದ ಮರ ಉದ್ದಕ್ಕೆ ಸೀಳುತ್ತದೆ. ಸೀಳು ಕ್ಷಣಾರ್ಧದಲ್ಲಿ ಕೆಲವು ಮೀಟರ್ ಮೇಲಕ್ಕೆ ಓಡುತ್ತದೆ. ಸೀಳಿದ ಹಿಂಭಾಗ ಅಲ್ಲಿಂದ ತೊಟ್ಟಿಲಿನಂತೆ ತಿರುಗಿ, ಅದರ ಬುಡ ಕೊಯ್ಯುವವರ ಎದೆ, ಮುಖದ ಮಟ್ಟಕ್ಕೆ ಹಿಂದಕ್ಕೆ ಚಿಮ್ಮುತ್ತದೆ. ನಿಂತವರಿಗೆ ತಪ್ಪಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಪರಿಣತರು ಇಂಥ ಮರಕ್ಕೆ ಬೇರೆ ದಾರಿ ಹಿಡಿಯುತ್ತಾರೆ. ಕಚ್ಚು ಹಾಕಿದ ಮೇಲೆ ಬಾರಿನ (ಚೈನ್ ಸುತ್ತ ಓಡುವ ಉದ್ದನೆಯ ಲೋಹದ ಪಟ್ಟಿಯ) ತುದಿಯನ್ನು ಪಕ್ಕದಿಂದ ಕಾಂಡದೊಳಕ್ಕೆ ತೂರಿಸಿ, ಮೊದಲು ಕೀಲನ್ನು ಸರಿಯಾದ ಅಳತೆಗೆ ತರುತ್ತಾರೆ. ಹಿಂಬದಿಯಲ್ಲಿ ಒಂದು ಪಟ್ಟಿಯನ್ನು ಹಾಗೇ ಬಿಡುತ್ತಾರೆ. ಆ ಪಟ್ಟಿ ಮರವನ್ನು ಹಿಡಿದಿಟ್ಟಿರುತ್ತದೆ. ಎಲ್ಲ ಸರಿಯಿದೆ ಎಂದು ನೋಡಿಕೊಂಡು ಕೊನೆಗೆ ಅದೊಂದನ್ನು ಕೊಯ್ದರೆ ಮರ ಸೀಳದೆ ಬೀಳುತ್ತದೆ. ಓದಲು ಸುಲಭ ಅಲ್ವಾ? ಆದರೆ ಬಾರಿನ ತುದಿಯನ್ನು ಮರಕ್ಕೆ ತೂರಿಸುವುದು ಕಲಿಸುವವರ ಎದುರಲ್ಲೇ ಅಭ್ಯಾಸ ಮಾಡಬೇಕಾದ ಕೆಲಸ. ಅದಿಲ್ಲದಿದ್ದರೆ ಬಲವಾಗಿ ವಾಲಿದ ಮರವನ್ನು ಮುಟ್ಟಬೇಡಿ.

ತುದಿಯ ತೊಂದರೆ ಏನೆಂದರೆ, ಚೈನ್ ಬಾರಿನ ಮೇಲ್ಬದಿಯಲ್ಲಿ ನಮ್ಮಿಂದ ದೂರಕ್ಕೆ ಓಡಿ, ತುದಿಯಲ್ಲಿ ತಿರುಗಿ, ಕೆಳಬದಿಯಲ್ಲಿ ನಮ್ಮ ಕಡೆಗೆ ಬರುತ್ತದೆ. ವೇಗ ಸೆಕೆಂಡಿಗೆ ಸುಮಾರು 20 ಮೀಟರ್. ತುದಿಯ ಮೇಲಿನ ಕಾಲು ಭಾಗ ಯಾವುದಕ್ಕಾದರೂ ತಗುಲಿ ಹಲ್ಲು ಸಿಕ್ಕಿಕೊಂಡರೆ ಮುಂದಕ್ಕೂ ಕೆಳಕ್ಕೂ ಓಡುತ್ತಿದ್ದ ಚೈನ್ ತಟ್ಟನೆ ನಿಲ್ಲುತ್ತದೆ. ಅದರ ಬಲ ಬಾರನ್ನು ಮೇಲಕ್ಕೆ, ಹಿಂದಕ್ಕೆ, ಅಂದರೆ ನಮ್ಮ ಮುಖದ ಕಡೆಗೆ ಎಸೆಯುತ್ತದೆ. ಕಣ್ಣು ಕಂಡು ಕೈ ಸರಿಯುವಷ್ಟು ಹೊತ್ತೂ ಸಿಗುವುದಿಲ್ಲ. ಅದಕ್ಕೇ ಯಂತ್ರದ ಮೇಲೆ ಚೈನನ್ನು ತಟ್ಟನೆ ನಿಲ್ಲಿಸುವ ಚೈನ್ ಬ್ರೇಕ್ ಇರುವುದು. ಎಡಗೈ ಹೆಬ್ಬೆರಳು ಮುಂದಿನ ಹಿಡಿಯ ಸುತ್ತ ಬಂದಿರಬೇಕು. ತಲೆ ಬಾರಿನ ನೇರಕ್ಕೆ ಇರಬಾರದು. ಭುಜಕ್ಕಿಂತ ಮೇಲೆ ಕೊಯ್ಯಬಾರದು. ಒಂದೇ ಕೈಯಲ್ಲಿ ಯಾವತ್ತೂ ಹಿಡಿಯಬಾರದು.

ಚೈನಿನ ಹಲ್ಲಿನ ವಿಚಾರ ಬಂದಿದ್ದಕ್ಕೆ ಒಂದು ಮಾತು. ಮೊದಲಿನ ಚೈನ್‌ಗಳ ಹಲ್ಲು ಕೈಗರಗಸದ ಹಲ್ಲಿನ ಹಾಗಿತ್ತು, ಬೇಗ ಮೊಂಡಾಗುತ್ತಿತ್ತು. 1946ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವರು ಬೊಡ್ಡೆಯೊಂದರಲ್ಲಿ ದುಂಬಿಯ ಮರಿಹುಳು ಮರ ಕೊರೆಯುವುದನ್ನು ನೋಡುತ್ತಾ ಕುಳಿತರು. ಹುಳು ದವಡೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಆಡಿಸಿ ಮರವನ್ನು ಹೆರೆಯುತ್ತಿತ್ತು. ಅದನ್ನೇ ಉಕ್ಕಿನಲ್ಲಿ ಮಾಡಿದರು. ಇಂದಿನ ಚೈನ್‌ನಲ್ಲೂ ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ. ಹರಿತವಾದ ಚೈನ್ ದಪ್ಪ ಹೆರೆಗಳನ್ನು ಉಗುಳುತ್ತದೆ. ಹಿಟ್ಟಿನಂಥ ಪುಡಿ ಬರುತ್ತಿದ್ದರೆ ಹಲ್ಲು ಮೊಂಡಾಗಿದೆ, ನಿಲ್ಲಿಸಿ ಅರ ಹಾಕಿ. ಹೆರೆ ಕಪ್ಪಾಗಿ, ಮೆತ್ತಗೆ ಬಂದರೆ ಸಂಗತಿ ಗಂಭೀರ. ಒಳಗೆ ಮರ ಕೊಳೆತಿದೆ. ಕೊಳೆತ ಮರದಲ್ಲಿ ನಾರೇ ಶಕ್ತಿ ಕಳೆದುಕೊಂಡಿರುವುದರಿಂದ ಕೀಲು ನಿಲ್ಲುವುದಿಲ್ಲ.

ಅದನ್ನು ಕೊಯ್ಯುವ ಮೊದಲೇ ತಿಳಿಯಲು ಪ್ರಯತ್ನಿಸಬೇಕು. ಬುಡದಲ್ಲಿ ಅಣಬೆ ಎದ್ದಿದೆಯೇ ನೋಡಿ. ಕೊಡಲಿಯ ಹಿಂಬದಿಯಿಂದ ಕಾಂಡಕ್ಕೆ ಸುತ್ತಲೂ ತಟ್ಟಿ, ಟೊಳ್ಳು ಸದ್ದು ಬರುತ್ತದೆಯೇ ಕೇಳಿ. ತಲೆ ಎತ್ತಿ ಒಣಗಿದ ಕೊಂಬೆ, ಮುರಿದು ನೇತಾಡುವ ರೆಂಬೆ, ಪಕ್ಕದ ಮರಕ್ಕೆ ಹಬ್ಬಿದ ಬಳ್ಳಿ ಇವೆಯೇ ಹುಡುಕಿ. ಹಗ್ಗಕ್ಕೆ ತೂಗುಗುಂಡು ಕಟ್ಟಿ ಕಣ್ಣಿನ ನೇರಕ್ಕೆ ಹಿಡಿದರೆ ಮರ ಎಷ್ಟು ವಾಲಿದೆ ಎಂಬುದು ತಿಳಿಯುತ್ತದೆ. ಇದನ್ನು ಎರಡು ದಿಕ್ಕಿನಿಂದ ನೋಡಬೇಕು. ಕಾಂಡ ನೆಟ್ಟಗಿದ್ದರೂ ಕೊಂಬೆಗಳೆಲ್ಲ ಒಂದೇ ಕಡೆ ಇದ್ದರೆ ತೂಕ ಆ ಕಡೆಗೇ. ಗಾಳಿ ಜೋರಾಗಿರುವ ದಿನ ಬೇಡ. ವಿದ್ಯುತ್ ತಂತಿಯ ಹತ್ತಿರದ ಮರ, ಟೊಳ್ಳು ಮರ, ಬಾರಿನ ಉದ್ದಕ್ಕಿಂತ ದಪ್ಪದ ಮರ, ಇವು ಮೂರೂ ಹೊಸಬರ ಕೆಲಸವಲ್ಲ.

ಹಿಂದಿನ ಕೊಯ್ತದ ಒಂದೆರಡು ನಿಮಿಷವನ್ನು ಹತ್ತಿರದಿಂದ ನೋಡೋಣ. ಬಾರ್ ಕಾಂಡದೊಳಗೆ ಸ್ವಲ್ಪ ಹೋಗುತ್ತಿದ್ದಂತೆಯೇ ಹಿಂದೆ ಪ್ಲಾಸ್ಟಿಕ್ ಬೆಣೆಯೊಂದನ್ನು ಕೊಯ್ತದ ಸಂದಿಗೆ ಹೊಡೆಯುತ್ತಾರೆ. ಮರ ಹಿಂದಕ್ಕೆ ಕೂತು ಬಾರನ್ನು ಕಚ್ಚಿಕೊಳ್ಳದಿರಲಿ ಎಂದು. ಕಬ್ಬಿಣದ ಬೆಣೆಗೆ ಚೈನ್ ತಗುಲಿದರೆ ಹಲ್ಲು ಹಾಳು, ಪ್ಲಾಸ್ಟಿಕ್ ಆದರೆ ಬೆಣೆಗೆ ಮಾತ್ರ ಗಾಯ. ಬೆಣೆಯಿಂದ ಕೀಲಿಗೆ ಸುಮಾರು 45 ಸೆಂಟಿಮೀಟರ್ ದೂರ, ತುದಿಗೆ 20 ಮೀಟರ್. ಹಿಂದೆ ಎರಡೂವರೆ ಸೆಂಟಿಮೀಟರ್ ಎತ್ತಿದರೆ ಮರದ ತುದಿ ಒಂದು ಮೀಟರಿಗೂ ಜಾಸ್ತಿ ಮುಂದಕ್ಕೆ ಸರಿಯುತ್ತದೆ. ಕೀಲು ಅಳತೆಗೆ ಹತ್ತಿರ ಬಂದಾಗ ಸಂದು ತೆರೆಯಲು ಶುರುವಾಗುತ್ತದೆ. ಅದು ಒಂದು ಮಿಲಿಮೀಟರ್ ತೆರೆದರೆ ಮೇಲೆ ತುದಿ ನಾಲ್ಕು ಸೆಂಟಿಮೀಟರಿಗಿಂತ ಜಾಸ್ತಿ ಸರಿದಿರುತ್ತದೆ. ಆದ್ದರಿಂದ ಕಣ್ಣು ಸಂದಿನ ಮೇಲೆ, ಕೀಲಿನ ಮೇಲೆ, ಮರದ ತುದಿಯ ಮೇಲೆ ಸುತ್ತುತ್ತಲೇ ಇರಬೇಕು.

ಸಂದು ತೆರೆಯಿತೋ, ಕೊಯ್ಯುವುದನ್ನು ಬಿಟ್ಟು ಹೊರಡುವುದು. ಮರ ಬೀಳುವ ದಿಕ್ಕಿಗೆ ಬೆನ್ನು ಹಾಕಿ ಹಿಂದಕ್ಕೆ ಓಡುವುದಲ್ಲ. ಬೀಳುವಾಗ ಬುಡ ನೇರ ಹಿಂದಕ್ಕೆ ಜಿಗಿಯಬಹುದು. ಹಿಂದಕ್ಕೆ ಓರೆಯಾಗಿ, 45 ಡಿಗ್ರಿಯ ದಾರಿಯಲ್ಲಿ ಹೋಗಬೇಕು. ಎಡಕ್ಕೊಂದು, ಬಲಕ್ಕೊಂದು ದಾರಿಯನ್ನು ಮೊದಲೇ ಗಿಡಗಂಟಿ ಸವರಿ ಸಿದ್ಧ ಮಾಡಿಟ್ಟಿರಬೇಕು. ಐದಾರು ಮೀಟರ್ ದೂರ ಹೋಗಿ ತಿರುಗಿ ಮೇಲೆ ನೋಡಬೇಕು. ಬುಡದ ಪಕ್ಕದಲ್ಲೇ ನಿಂತು ಮರ ಬೀಳುವ ಚಂದ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ದಯವಿಟ್ಟು ಬೇಡ. ಉಳಿದವರೆಲ್ಲ ಮರದ ಎತ್ತರದ ಎರಡು ಪಟ್ಟು ದೂರದಲ್ಲಿರಬೇಕು. ಆದರೆ ಕೂಗಿದರೆ ಕೇಳುವಷ್ಟು ದೂರದಲ್ಲಿ ಒಬ್ಬರಾದರೂ ಇರಲೇಬೇಕು, ಒಂಟಿಯಾಗಿ ಈ ಕೆಲಸಕ್ಕೆ ಇಳಿಯಬಾರದು.

ಮೈಮೇಲೆ ಏನಿರಬೇಕು ಎಂಬುದನ್ನು ಬಹಳ ಜನ ಸುಮ್ನೆ ಖರ್ಚು ಎಂದುಕೊಳ್ಳುತ್ತಾರೆ. ಚೈನ್‌ಸಾ ಪ್ಯಾಂಟಿನೊಳಗೆ ಉದ್ದನೆಯ ಗಟ್ಟಿ ಎಳೆಗಳ ಪದರಗಳಿರುತ್ತವೆ. ಚೈನ್ ತಗುಲಿದ ಕೂಡಲೇ ಎಳೆಗಳು ಹೊರಬಂದು ಯಂತ್ರದ ಹಲ್ಲುಚಕ್ರಕ್ಕೆ ಸುತ್ತಿಕೊಂಡು ಚೈನನ್ನೇ ನಿಲ್ಲಿಸಿಬಿಡುತ್ತವೆ. ಕಾಲು ಉಳಿಯುವುದು ಹೀಗೆ. ಹೆಲ್ಮೆಟ್, ಮುಖಕ್ಕೆ ಜಾಲರಿ, ಗಟ್ಟಿ ಬೂಟು ಬೇಕೇ ಬೇಕು. 100 ಡೆಸಿಬೆಲ್ ಮೀರುವ ಸದ್ದಿಗೆ ಕಿವಿರಕ್ಷಣೆಯೂ ಬೇಕು.

ಮರ ಬಿದ್ದ ಮೇಲೂ ಅವಸರ ಬೇಡ. ಮೇಲೆ ಸಿಕ್ಕಿಕೊಂಡ ಕೊಂಬೆ ಆಮೇಲೆ ಬೀಳಬಹುದು. ಮರ ಪಕ್ಕದ ಮರಕ್ಕೆ ಒರಗಿ ನಿಂತುಬಿಟ್ಟರೆ ಅದರ ಕೆಳಗೆ ಹೋಗಬೇಡಿ, ಒರಗಿಸಿಕೊಂಡ ಮರವನ್ನು ಕಡಿಯಲೂ ಬೇಡಿ. ದೂರದಿಂದ ವಿಂಚ್‌ನಲ್ಲಿ ಎಳೆಯಬಲ್ಲವರನ್ನು ಕರೆಯಿರಿ. ಬಿದ್ದ ಮರದಡಿ ಬಿಲ್ಲಿನಂತೆ ಬಾಗಿದ ಸಣ್ಣ ಗಿಡಗಳಿದ್ದರೆ ಅವುಗಳಲ್ಲಿ ತುಂಬಿದ ಬಲ ಕೊಯ್ದ ಕ್ಷಣ ಬಿಡುಗಡೆಯಾಗಿ ಮುಖಕ್ಕೆ ಬಡಿಯಬಹುದು.

ಎಲ್ಲ ತಣ್ಣಗಾದ ಮೇಲೆ ಬೊಡ್ಡೆಯ ಹತ್ತಿರ ಹೋಗಿ ಟೇಪು ಹಿಡಿಯಿರಿ. ಹರಿದ ನಾರುಗಳ ಪಟ್ಟಿ ಅಲ್ಲಿ ಎದ್ದು ಕಾಣುತ್ತದೆ. ಎರಡೂ ಕೊನೆಯಲ್ಲಿ ಅಗಲ ಒಂದೇ ಇದೆಯೇ? ಕಚ್ಚಿನ ಎರಡು ಕೊಯ್ತ ಒಂದೇ ಗೆರೆಯಲ್ಲಿ ಸೇರಿವೆಯೇ? ಮರ ಅಂದುಕೊಂಡ ಜಾಗಕ್ಕಿಂತ ಆಚೆ ಬಿದ್ದಿದ್ದರೆ ಕಾರಣ ಹೆಚ್ಚಿನ ಸಲ ಇಲ್ಲೇ ಸಿಗುತ್ತದೆ. ಕಲಿಯುವವರು ನಿಂತ ಮರಕ್ಕೆ ಕೈ ಹಾಕುವ ಮೊದಲು ನೆಲಕ್ಕೆ ಭದ್ರವಾಗಿ ಹೂತ ದಿಮ್ಮಿಯ ಮೇಲೆ, ಇಲ್ಲವೇ ಎತ್ತರಕ್ಕೆ ಬಿಟ್ಟ ಹಳೆಯ ಬೊಡ್ಡೆಯ ಮೇಲೆ ಕಚ್ಚು, ಕೀಲು ಎರಡನ್ನೂ ಕೊಯ್ದು ಅಳೆದು ನೋಡಬೇಕು. ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಂಡು ಕೊಯ್ಯಿರಿ, ಗೆರೆ ಮುಟ್ಟುವ ಮೊದಲು ಬಾರ್ ನಿಲ್ಲುವವರೆಗೂ ಅದನ್ನೇ ಮಾಡಿ.