ಯಾವ ಸರ್ವಿಸ್ ಆಫ್ ಮಾಡಿದರೆ ಉಬುಂಟು ಫಾಸ್ಟ್ ಆಗುತ್ತದೆ?

ಪ್ರಶ್ನೆ: ಹಳೆಯ ಲ್ಯಾಪ್‌ಟಾಪಿಗೆ ಉಬುಂಟು ಹಾಕಿದ್ದೇನೆ ಸಾರ್. ಹಿನ್ನೆಲೆಯಲ್ಲಿ ಹತ್ತಾರು ಸರ್ವಿಸ್ ಓಡುತ್ತಿವೆ. ಯಾವುದನ್ನೆಲ್ಲ ಆಫ್ ಮಾಡಿದರೆ ವೇಗ ಹೆಚ್ಚುತ್ತದೆ?

ಯಾವುದನ್ನು ಮಾಡಿದರೂ ಹೆಚ್ಚುವುದಿಲ್ಲ. ಇದನ್ನು ಬರೆದೂ ಬರೆದೂ ಬೆರಳು ಸವೆದಿದೆ, ಇರಲಿ, ಇನ್ನೊಮ್ಮೆ.

ಪಟ್ಟಿಯಲ್ಲಿ ಕಾಣುವ ‘ರನ್ನಿಂಗ್’ ಎಂಬ ಪದವೇ ಎಲ್ಲರನ್ನೂ ದಾರಿ ತಪ್ಪಿಸುವುದು. ಓಡುವುದಿರಲಿ, ಅವುಗಳಲ್ಲಿ ಹೆಚ್ಚಿನವು ಕಣ್ಣನ್ನೂ ಬಿಟ್ಟಿರುವುದಿಲ್ಲ. ಮದುವೆ ಛತ್ರದ ಎಲೆಕ್ಟ್ರಿಷಿಯನ್ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ತೂಕಡಿಸುತ್ತಿರುತ್ತಾನಲ್ಲ, ಹಾಗೆ. ಅವನನ್ನು ಮನೆಗೆ ಕಳಿಸಿಬಿಟ್ಟರೆ ಊಟದ ಪಂಕ್ತಿ ಬೇಗ ಏಳುತ್ತದೆಯೇ? ಬ್ಲೂಟೂತ್, ಅವಾಹಿ (ನೆಟ್‌ವರ್ಕಿನಲ್ಲಿ ಪ್ರಿಂಟರ್ ಮುಂತಾದವನ್ನು ಹುಡುಕುವುದು), ಮೋಡೆಮ್ ಮ್ಯಾನೇಜರ್ (ಮೊಬೈಲ್ ಡಾಂಗಲ್ ನೋಡಿಕೊಳ್ಳುವುದು) ತಲಾ ಕೆಲವೇ ಎಂಬಿ ಮೆಮೊರಿ ಹಿಡಿದು ಸುಮ್ಮನಿರುತ್ತವೆ. ನೀವು ತೆರೆದಿಟ್ಟು ಮರೆತ ಒಂದು ಬ್ರೌಸರ್ ಟ್ಯಾಬ್ ಅವೆಲ್ಲವನ್ನೂ ಸೇರಿಸಿದ್ದಕ್ಕಿಂತ ಹೆಚ್ಚು ನುಂಗಿರಬಹುದು. ನಿಜಕ್ಕೂ ವೇಗ ಬೇಕಿದ್ದರೆ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ.

ಕಂಪ್ಯೂಟರ್ ಏಳುವಾಗ ಯಾವ ಸರ್ವಿಸ್ ಎಷ್ಟು ಹೊತ್ತು ತೆಗೆದುಕೊಂಡಿತೆಂದು ತೋರಿಸುವ ‘ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್’ ಕಮಾಂಡ್ ಕೊಟ್ಟಾಗ ಬರುವ ಸೆಕೆಂಡುಗಳನ್ನು ಕೂಡಿಸಿ ಕಳಿಸುವವರೂ ಇದ್ದಾರೆ. ಕೂಡಿಸಬೇಡಿ! ಸರ್ವಿಸ್‌ಗಳು ಒಂದರ ಹಿಂದೊಂದು ಏಳುವುದಿಲ್ಲ, ಬಹುಪಾಲು ಒಟ್ಟೊಟ್ಟಿಗೇ ಏಳುತ್ತವೆ. ಯಾರಿಗಾಗಿ ಯಾರು ಕಾದರು ಎಂಬುದು ‘ಬ್ಲೇಮ್’ ಬದಲು ‘ಕ್ರಿಟಿಕಲ್-ಚೈನ್’ ಕೊಟ್ಟರೆ ಕಾಣುತ್ತದೆ.

ಹಾಗಾದರೆ ಆಫ್ ಮಾಡಲೇಬಾರದೇ? ಮಾಡಿ, ಆದರೆ ವೇಗಕ್ಕಲ್ಲ, ಬಾಗಿಲು ಮುಚ್ಚಲಿಕ್ಕೆ. 2024ರ ಸೆಪ್ಟೆಂಬರಿನಲ್ಲಿ ಕಪ್ಸ್-ಬ್ರೌಸ್ಡ್ ಎಂಬ ಮುದ್ರಣದ ಸರ್ವಿಸ್‌ನ ಲೋಪ ಬಯಲಾಯಿತು. ಅದು ಯುಡಿಪಿ 631ನೇ ಪೋರ್ಟಿನಲ್ಲಿ (ನೆಟ್‌ವರ್ಕಿನತ್ತ ತೆರೆದ ಒಂದು ಬಾಗಿಲು) ಯಾರು ಕರೆದರೂ ಓಗೊಡುತ್ತಿತ್ತು. ಹೊರಗಿನವರು ಸುಳ್ಳು ಪ್ರಿಂಟರ್ ಒಂದನ್ನು ತೂರಿಸಿ, ನೀವು ಪ್ರಿಂಟ್ ಕೊಟ್ಟಾಗ ತಮಗೆ ಬೇಕಾದ ಕಮಾಂಡ್ ಓಡಿಸಬಹುದಿತ್ತು. ಮನೆಯಲ್ಲಿ ಪ್ರಿಂಟರೇ ಇಲ್ಲದವರಿಗೆ ಈ ಉಸಾಬರಿ ಯಾಕೆ? ಆದ್ದರಿಂದ ಮೊದಲು ‘ಎಸ್‌ಎಸ್’ ಕಮಾಂಡ್ (sudo ss -tulpn) ಕೊಟ್ಟು, ನೆಟ್‌ವರ್ಕಿನತ್ತ ಕಿವಿ ತೆರೆದು ಕೂತವರು ಯಾರು ನೋಡಿ. ಅವರಲ್ಲಿ ಬೇಡದವರನ್ನು ಆಫ್ ಮಾಡಿ. ಡಿ-ಬಸ್ (ಪ್ರೋಗ್ರಾಮ್‌ಗಳ ನಡುವೆ ಮಾತು ಸಾಗಿಸುವುದು), ಲಾಗಿನ್‌ಡಿ (ಲಾಗಿನ್ ನೋಡಿಕೊಳ್ಳುವುದು) ತಂಟೆಗೆ ಹೋಗಬೇಡಿ. ಡೇಟಾ ತಿನ್ನುತ್ತದೆಂದು ತಾನೇ ಅಪ್‌ಡೇಟ್ ಮಾಡಿಕೊಳ್ಳುವ ಸರ್ವಿಸ್ ನಿಲ್ಲಿಸುವವರಿಗೆ ನನ್ನ ಹತ್ತಿರ ಉತ್ತರವಿಲ್ಲ, ಬೈಗುಳವಿದೆ.

‘ಡಿಸೇಬಲ್ ಮಾಡಿದರೂ ಕಪ್ಸ್ (ಮುದ್ರಣದ ಮುಖ್ಯ ಸರ್ವಿಸ್) ಮತ್ತೆ ಎದ್ದು ಕೂರುತ್ತದೆ’ ಎನ್ನುವವರಿಗೆ: ಅದರ ಸಾಕೆಟ್, ಅಂದರೆ ಯಾರಾದರೂ ಕರೆಯುತ್ತಾರೇನೋ ಎಂದು ಕಾದಿರುವ ಭಾಗ, ಅದನ್ನು ಎಬ್ಬಿಸುತ್ತದೆ. ಸಾಕೆಟ್ಟನ್ನೂ ನಿಲ್ಲಿಸಿ, ಇಲ್ಲವೇ ‘ಮಾಸ್ಕ್’ ಮಾಡಿ, ಅಂದರೆ ಯಾರು ಎಬ್ಬಿಸಿದರೂ ಏಳದಂತೆ ಕಟ್ಟಿಹಾಕಿ. ಬೇಕಾದಾಗ ‘ಅನ್‌ಮಾಸ್ಕ್’ ಇದ್ದೇ ಇದೆ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಸಿಸ್ಟಮ್ ಮಾನಿಟರ್‌ನಲ್ಲಿ ‘ಐಬಸ್-ಡೀಮನ್’ ಕಂಡು, ಹೆಸರಿಗೆ ಹೆದರಿ ಕೊಲ್ಲಬೇಡಿ. ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯ ಮೂಲಕ ಟೈಪ್ ಮಾಡುವವರಿಗೆ ಕನ್ನಡ ಮೂಡಿಸುವುದೇ ಅದು. ಕೊಂದಿದ್ದರೆ ಲಾಗೌಟ್ ಆಗಿ ಮತ್ತೆ ಒಳಗೆ ಬನ್ನಿ. ಹೀಗೆ ಕೊಂದ ಓದುಗರೊಬ್ಬರು ‘ಕನ್ನಡ ಬರುತ್ತಿಲ್ಲ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದರು. ಪಾಪ, ಬೇರೆ ದಾರಿ ಇರಲಿಲ್ಲ.