ಕೊನೇ ಕಂತು ನೋಡಿದ ಮೇಲೆ ಹಳೇ ಕಂತುಗಳೂ ಬದಲಾಗುತ್ತವೆ

ಕೆಂಪು ಉಡುಪಿನ ಪುಟ್ಟ ಹುಡುಗಿಯೊಬ್ಬಳು ನಮ್ಮ ಕಡೆಗೆ ತಿರುಗುತ್ತಾಳೆ. ಒಂದು ಕ್ಷಣ ದಿಟ್ಟಿಸಿ ನೋಡುತ್ತಾಳೆ. ಆಮೇಲೆ ಕೈ ಚಾಚಿ ನಮ್ಮ ಟಿವಿಯನ್ನೇ ಆರಿಸಿಬಿಡುತ್ತಾಳೆ.

2007ರ ಏಪ್ರಿಲ್ 10ರಂದು ಬಿಬಿಸಿಯ ‘ಲೈಫ್ ಆನ್ ಮಾರ್ಸ್’ ಧಾರಾವಾಹಿ ಮುಗಿದಿದ್ದು ಹೀಗೆ. ಮ್ಯಾಂಚೆಸ್ಟರ್‌ನ ಪೊಲೀಸ್ ಅಧಿಕಾರಿ ಸ್ಯಾಮ್ ಟೈಲರ್‌ಗೆ 2006ರಲ್ಲಿ ಕಾರು ಗುದ್ದುತ್ತದೆ. ಕಣ್ಣು ಬಿಟ್ಟರೆ 1973! ಅಲ್ಲೂ ಅವನು ಪೊಲೀಸೇ, ಅಲ್ಲೂ ಕೊಲೆ, ದರೋಡೆಗಳ ತನಿಖೆ. ಆದರೆ ರೇಡಿಯೋ, ಫೋನು, ಟಿವಿಯಲ್ಲಿ ಆಗಾಗ ಆಸ್ಪತ್ರೆಯ ಸದ್ದು ಕೇಳಿಸುತ್ತಿರುತ್ತದೆ. ನನಗೆ ಹುಚ್ಚಾ, ಕೋಮಾನಾ, ಇಲ್ಲಾ ನಿಜವಾಗಿಯೂ ಕಾಲ ದಾಟಿ ಬಂದಿದ್ದೀನಾ? ಹದಿನಾರು ಕಂತುಗಳ ಉದ್ದಕ್ಕೂ ಅವನನ್ನು ಕಾಡುವ ಪ್ರಶ್ನೆ ಇದೇ.

ಕೊನೇ ಕಂತಿನಲ್ಲಿ ಸ್ಯಾಮ್ 2006ಕ್ಕೆ ಮರಳಿ ಎಚ್ಚರಗೊಳ್ಳುತ್ತಾನೆ. ಒಂದು ಮೀಟಿಂಗ್‌ನಲ್ಲಿ ಕೂತಿರುವಾಗ ನೋಡಿಕೊಂಡರೆ ಕೈಗೆ ಗಾಯವಾಗಿ ರಕ್ತ ಬರುತ್ತಿದೆ. ಅವನಿಗೆ ಗೊತ್ತೇ ಆಗಿಲ್ಲ. ನೋವೇ ಇಲ್ಲ. ಎದ್ದು ಹೋಗಿ ಕಟ್ಟಡದ ಮೇಲಿಂದ ಹಾರುತ್ತಾನೆ, ಮತ್ತೆ 1973ಕ್ಕೆ ಬರುತ್ತಾನೆ. ಅಲ್ಲಿ ಕಾರಿನ ರೇಡಿಯೋದಲ್ಲಿ, ಇವನು ಕೈತಪ್ಪಿ ಹೋಗುತ್ತಿದ್ದಾನೆ ಎನ್ನುವ ದನಿ ಕೇಳುತ್ತದೆ. ಕಾರಿನಲ್ಲಿದ್ದವರು ಆ ಸ್ಟೇಷನ್ ಬದಲಿಸಿ ಮುಂದೆ ಹೋಗುತ್ತಾರೆ.

ಹಾಗಾದ್ರೆ ಸ್ಯಾಮ್ ಸತ್ತನಾ? ಅಥವಾ ಎಚ್ಚರವಾದದ್ದೇ ಕನಸಾ? ನೋವಿಲ್ಲದ 2006ನ್ನು ನಿಜ ಅಂತ ಹೇಗೆ ನಂಬೋದು? ಇಂಥ ವಾದಗಳನ್ನು ಸುಮ್ನೆ ಕಾಲಹರಣ ಅಂತ ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಬ್ಬರು ಒಂದೇ ಕೊನೆಯ ಬಗ್ಗೆ ಜಗಳವಾಡುವಾಗ, ಅವರ ತಲೆಯಲ್ಲಿರುವ ಕಥೆಯೇ ಬೇರೆ ಬೇರೆಯಾಗಿರುತ್ತದೆ. ಅದಕ್ಕೇ ಆ ಜಗಳ ಅಷ್ಟು ಬೇಗ ತೀರುವುದಿಲ್ಲ.

ಕೇಂಬ್ರಿಡ್ಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ ನೆನಪಿನ ಬಗ್ಗೆ 1932ರಲ್ಲಿ ಒಂದು ಪುಸ್ತಕ ತಂದರು. ಅದರಲ್ಲಿರುವ ಪ್ರಯೋಗವೊಂದು ನನಗೆ ತುಂಬಾ ಇಷ್ಟ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಅವರು ಜನರಿಗೆ ಓದಲು ಕೊಟ್ಟರು. ಸೀಲ್ ಬೇಟೆಗೆ ಹೋದ ಯುವಕನೊಬ್ಬ ಅಪರಿಚಿತರ ದೋಣಿ ಹತ್ತಿ ಯುದ್ಧಕ್ಕೆ ಹೋಗುತ್ತಾನೆ. ಬಾಣ ತಗುಲಿತು ಅಂತ ಅವರು ಕೂಗಿದರೂ ಅವನಿಗೆ ನೋವಾಗುವುದಿಲ್ಲ. ಓಹೋ, ಇವರೆಲ್ಲ ದೆವ್ವಗಳು ಅಂದುಕೊಳ್ಳುತ್ತಾನೆ. ಊರಿಗೆ ಮರಳಿ ನಡೆದದ್ದನ್ನೆಲ್ಲ ಹೇಳುತ್ತಾನೆ. ಬೆಳಕು ಹರಿಯುವಾಗ ಬಾಯಿಂದ ಕಪ್ಪಗೆ ಏನೋ ಹೊರಬಂದು ಸಾಯುತ್ತಾನೆ.

ಓದಿದವರು ಸ್ವಲ್ಪ ಹೊತ್ತಿನ ನಂತರ, ಆಮೇಲೆ ದಿನಗಳು, ತಿಂಗಳುಗಳು ಬಿಟ್ಟು ಅದೇ ಕಥೆಯನ್ನು ನೆನಪಿನಿಂದ ಬರೆದರು. ಸೀಲ್ ಬೇಟೆ ಮೀನು ಹಿಡಿಯುವುದಾಯಿತು. ಬಾಯಿಂದ ಬಂದ ಕಪ್ಪು ವಸ್ತು ಕೆಲವರಲ್ಲಿ ನೊರೆಯಾಯಿತು. ಎಷ್ಟೋ ಜನರ ಬರಹದಲ್ಲಿ ದೆವ್ವಗಳೇ ಮಾಯವಾದವು! ಯಾರೂ ಬೇಕಂತ ಬಿಟ್ಟದ್ದಲ್ಲ. ತಮ್ಮ ಲೋಕಕ್ಕೆ ಹೊಂದದ್ದನ್ನು ನೆನಪೇ ಸವೆಸಿ, ತಿದ್ದಿ, ಹೊಂದಿಸಿಕೊಂಡಿತ್ತು. ಪತ್ತೇದಾರಿ ಕಥೆ ಅಂತ ನೋಡಿದವರಿಗೆ ಸುಳಿವುಗಳು ಜಾಸ್ತಿ ಉಳಿಯುವುದು, ದೆವ್ವದ ಕಥೆ ಅಂತ ನೋಡಿದವರಿಗೆ ನೆರಳು, ಸದ್ದುಗಳೇ ಉಳಿಯುವುದು ಇದೇ ದಾರಿಯಲ್ಲಿ ಅಂತ ನನಗೆ ಅನಿಸುತ್ತದೆ.

ಕೊನೆ ಗೊತ್ತಾದ ಮೇಲೆ ಹಿಂದಿನದು ಏನಾಗುತ್ತದೆ? ಇದನ್ನು ನೋಡಲು ವಿಜ್ಞಾನಿಗಳು ‘ದಿ ಸಿಕ್ಸ್ತ್ ಸೆನ್ಸ್’ ಸಿನಿಮಾ ಬಳಸಿದ್ದಾರೆ. ಅದರ ಡಾಕ್ಟರ್ ದೆವ್ವ ಅಂತ ತಿಳಿಯುವುದು ಕೊನೆಯಲ್ಲಿ. ಒಂದು ಗುಂಪಿಗೆ ಮೊದಲೇ ಗುಟ್ಟು ಹೇಳಿದರು. ಇನ್ನೊಂದು ಗುಂಪು ಎಲ್ಲರಂತೆ ಕೊನೆಗೆ ತಿಳಿಯಿತು. ಮೂರನೆಯದಕ್ಕೆ ಗುಟ್ಟಿನ ದೃಶ್ಯವನ್ನೇ ತೋರಿಸಲಿಲ್ಲ. ಸ್ಕ್ಯಾನರ್‌ನಲ್ಲಿ ಮಲಗಿ ಸಿನಿಮಾ ನೋಡಿದ ಮೇಲೆ ದೃಶ್ಯಗಳನ್ನು ನೆನಪಿಸಿಕೊಂಡು ಹೇಳಬೇಕಿತ್ತು. ಕೊನೆಗೆ ಗುಟ್ಟು ತಿಳಿದವರ ಮಿದುಳಿನ ಕೆಲವು ಭಾಗಗಳ ಚಟುವಟಿಕೆ, ಹಳೇ ದೃಶ್ಯಗಳನ್ನು ನೆನೆಯುವಾಗ, ಮೊದಲೇ ಗುಟ್ಟು ಗೊತ್ತಿದ್ದವರ ಕಡೆಗೆ ವಾಲಿತ್ತು. ನೋಡುವಾಗ ಜೀವಂತವಾಗಿದ್ದ ಡಾಕ್ಟರ್, ನೆನೆಯುವಾಗ ದೆವ್ವವಾಗಿದ್ದ.

ಸ್ಯಾಮ್‌ನ ಕಥೆಗೆ ಇಂಥ ಒಂದು ತಿದ್ದುಪಡಿ ತಡವಾಗಿ ಬಂತು. ಮುಂದುವರಿದ ಧಾರಾವಾಹಿ ‘ಆಶಸ್ ಟು ಆಶಸ್’ 2010ರ ಮೇ ತಿಂಗಳಲ್ಲಿ ಮುಗಿಯಿತು. ಸ್ಯಾಮ್ ಹೋಗಿದ್ದ ಆ 1973, ಸತ್ತ ಪೊಲೀಸರು ಮುಂದಿನ ದಾರಿಗೆ ಕಾಯುವ ಲೋಕ ಅಂತ ಆಗ ತಿಳಿಯಿತು. ಅಲ್ಲಿ ಸ್ಯಾಮ್‌ನ ಒರಟ ಬಾಸ್ ಆಗಿದ್ದ ಜೀನ್ ಹಂಟ್ ಕೂಡ 1953ರಲ್ಲೇ ಸತ್ತ ಎಳೆಯ ಪೇದೆ. ಗೊತ್ತಾದ ಮೇಲೆ ಹಳೇ ಕಂತುಗಳಲ್ಲಿ ಅವನ ಅಬ್ಬರ ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ದೃಶ್ಯ ಅದೇ, ಮಾತೂ ಅದೇ.

ಅಮೆರಿಕದವರು ಇದೇ ಕಥೆಯನ್ನು ತಮ್ಮಲ್ಲಿ ಮಾಡಿ, 2009ರಲ್ಲಿ ಬೇರೆ ಕೊನೆ ಕೊಟ್ಟರು. ಅಲ್ಲಿ ಸ್ಯಾಮ್ ಕಣ್ಣು ಬಿಡುವುದು 2035ರಲ್ಲಿ, ಮಂಗಳಕ್ಕೆ ಹೊರಟ ಗಗನನೌಕೆಯಲ್ಲಿ. 1973 ಅನ್ನೋದು ದೀರ್ಘ ನಿದ್ದೆಯ ಕನಸು. ಸಾವಿನ ಸುಳಿವೇ ಇಲ್ಲ. ಎರಡನ್ನೂ ನೋಡಿದವರನ್ನು, ಸ್ಯಾಮ್ 1973ರಲ್ಲಿ ಮೊದಲ ಸಲ ಕಣ್ಣು ಬಿಟ್ಟ ಗಳಿಗೆ ಹೇಗಿತ್ತು ಅಂತ ಕೇಳಿ. ಯಾವ ಸ್ಯಾಮ್ ಅಂತ ಅವರು ಮೊದಲು ನಿಮ್ಮನ್ನೇ ಕೇಳುತ್ತಾರೆ.